ಮೂಗು ಒಪ್ಪದ ಹಣ್ಣು

ಕಾಡಿನಿಂದ ಬರುವ ಪ್ರತಿಯೊಂದು ಬೇರು, ತೊಗಟೆ, ಹಣ್ಣನ್ನೂ ಮೂಸಿ ನೋಡಿ, ಇದು ಅಸಲಿ, ಇದು ನಕಲಿ ಎಂದು ಒಂದೂವರೆ ನಿಮಿಷದಲ್ಲಿ ಹೇಳಿಬಿಡುವ ಯಂತ್ರವೊಂದು ಇದ್ದರೆ ಎಷ್ಟು ಚೆನ್ನ ಎಂದು ಡಾ. ಹೈಮವತಿ ಒಂದು ಕಾಲದಲ್ಲಿ ಅಂದುಕೊಂಡಿದ್ದಳು. ಅಂದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ಅವಳು ಅದನ್ನು ಮಾಡಿಯೂಬಿಟ್ಟಳು.

ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು 'ದ್ರವ್ಯಸಾಕ್ಷಿ'. ಜನ ಕರೆಯುವುದು 'ಮೂಗು'. ಕಾಡಂಚಿನ ಒಂದೊಂದು ಖರೀದಿ ಕೇಂದ್ರದಲ್ಲೂ ಈಗ ಒಂದೊಂದು ಮೂಗು ಕೂತಿದೆ. ಮೂಟೆಯಿಂದ ಒಂದು ಹಿಡಿ ತೆಗೆದು ಅದರ ಬಟ್ಟಲಿಗೆ ಹಾಕಿದರೆ ಸಾಕು. ಒಳಗೆ ಪುಡಿಮಾಡಿ, ಕಾಯಿಸಿ, ಆವಿಯಲ್ಲಿರುವ ನಾನೂರು ಚಿಲ್ಲರೆ ರಾಸಾಯನಿಕಗಳಲ್ಲಿ ಯಾವುದು ಎಷ್ಟಿದೆ ಎಂದು ಏರಿಳಿತದ ಒಂದು ಗೆರೆ ಎಳೆಯುತ್ತದೆ. ಹೈಮವತಿಯ ಪ್ರಯೋಗಾಲಯ ಹನ್ನೆರಡು ವರ್ಷದ ಹಿಂದೆ ಎಳೆದಿಟ್ಟ ಮೂಲಗೆರೆಗೆ ಅದು ನೂರಕ್ಕೆ ತೊಂಬತ್ತೆರಡರಷ್ಟು ಹೊಂದಿದರೆ ಹಸಿರು ದೀಪ. ಇಲ್ಲವಾದರೆ ಕೆಂಪು. ಕೆಂಪು ಎಂದರೆ ಕಲಬೆರಕೆ. ಹಣ್ಣು ತಂದವರ ಕಾಡುಚೀಟಿಯಲ್ಲಿ ಒಂದು ಗುರುತು ಬೀಳುತ್ತದೆ. ಮೂರು ಕೆಂಪು ಬಿದ್ದರೆ ಆ ಮನೆಯವರೆಲ್ಲರ ಚೀಟಿ ರದ್ದು. ಆಮೇಲೆ ಜೇನಿಗಾಗಲಿ ಸೌದೆಗಾಗಲಿ ಯಾರೂ ಕಾಡಿನೊಳಗೆ ಕಾಲಿಡುವಂತಿಲ್ಲ.

ಈ ನಿಯಮ ಒಳ್ಳೆಯದಕ್ಕೇ ಬಂದದ್ದು. ಔಷಧದ ಹಣ್ಣಿನಲ್ಲಿ ಮೋಸ ಮಾಡುತ್ತಿದ್ದ ವ್ಯಾಪಾರಿಗಳ ಹುಟ್ಟಡಗಿಸಬೇಕು ಎಂದು ಹೈಮವತಿ ಆಗ ಮೇಜು ಕುಟ್ಟಿ ಮಾತಾಡಿದ್ದಳು. ವ್ಯಾಪಾರಿಗಳು ತಮ್ಮ ದಾರಿ ತಾವು ನೋಡಿಕೊಂಡರು. ಒಂದು ಮಂಗಳವಾರ ಬೆಳಿಗ್ಗೆ ಮೈಸೂರಿನ ಅವಳ ಪ್ರಯೋಗಾಲಯದ ಮೆಟ್ಟಿಲ ಮೇಲೆ ಮೂಟೆ ಇಟ್ಟುಕೊಂಡು ಕೂತಿದ್ದವಳು ಕೆಂಬರೆ ಬೆಟ್ಟದ ಕೇತಮ್ಮ.

ಐವತ್ತರ ಆಸುಪಾಸಿನ ಹೆಂಗಸು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕಾವಲಿನವನ ಜೊತೆ ಜಗಳ ಆಗಲೇ ಒಂದು ಸುತ್ತು ಮುಗಿದಿತ್ತು.

"ನೀನೇನಾ ಮೂಗು ಮಾಡ್ದೋಳು?" ಎಂದಳು. ಬೆಟ್ಟದವರಿಗೆ ಎಲ್ಲರೂ ನೀನೇ.

"ನಾನೊಬ್ಬಳೇ ಅಲ್ಲ, ನಮ್ಮ ತಂಡದಲ್ಲಿ..."

"ಯಾರೋ ಒಬ್ರು, ಬುಡು. ನನ್ನ ಹಣ್ಣ ಕಳ್ಳಹಣ್ಣು ಅಂತದೆ. ಎರಡ್ಸಲ ಆಯ್ತು. ನಮ್ಮ ಪೋಡಲ್ಲಿರ ಮನೆಗಳ್ಗೆಲ್ಲ ಹಸ್ರು, ನಂಗೊಬ್ಳಿಗೇ ಕೆಂಪು. ಇನ್ನೊಂದ್ ಬಿದ್ರೆ ನಮ್ಮನೆ ಏಳು ಜನಕ್ಕೂ ಕಾಡಿಲ್ಲ. ಕಾಡಿಲ್ದೆ ನಾವೇನ್ ಮಣ್ಣ್ ತಿನ್ನವಾ?"

"ಎಲ್ಲರದೂ ಹಸಿರು ಬಂದು ನಿಮ್ಮದು ಮಾತ್ರ ಕೆಂಪು ಬಂದರೆ, ನಿಮ್ಮ ಹಣ್ಣಲ್ಲೇ ಏನಾದರೂ..."

"ಅವ್ರು ತರದು ವಾಯುವಿಳಂಗ ಅಲ್ಲ ಕನವ್ವ. ನಾನ್ ತರದೇ ವಾಯುವಿಳಂಗ."

ಇಂಥ ಮಾತು ಹೈಮವತಿ ವರ್ಷಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದಳು. ಕೆಂಪು ಬಿದ್ದವರೆಲ್ಲ ಹೇಳುವುದೂ ಅದನ್ನೇ. ಆದರೂ ಹೆಂಗಸು ಮೆಟ್ಟಿಲು ಬಿಟ್ಟು ಏಳುವ ಹಾಗೆ ಕಾಣಲಿಲ್ಲವಾದ್ದರಿಂದ ಮೂಟೆಯಿಂದ ಒಂದು ಹಿಡಿ ತೆಗೆದುಕೊಂಡು ಒಳಗೆ ಹೋದಳು. ಹತ್ತು ನಿಮಿಷದ ಕೆಲಸ, ಮುಗಿಸಿ ಕಳಿಸಿಬಿಡೋಣ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು.

ವಾಯುವಿಳಂಗ ಹೊಟ್ಟೆಯ ಜಂತುಹುಳಕ್ಕೆ ಕೊಡುವ ಔಷಧ. ಒಣಗಿದ ಹಣ್ಣು ನೋಡಲು ಮೆಣಸಿನ ಕಾಳಿನ ಹಾಗೆ, ಕೆಂಪು ಬೆರೆತ ಕಂದು ಬಣ್ಣ, ತುದಿಯಲ್ಲಿ ಒಂದು ಚಿಕ್ಕ ತೊಟ್ಟು. ತೊಂದರೆಯೆಂದರೆ ಇದೇ ಕುಲದ ಇನ್ನೊಂದು ಗಿಡದ ಹಣ್ಣೂ ಹಾಗೇ ಇರುತ್ತದೆ. ಪುಡಿಗೆ ಅಮೋನಿಯಾ ಹನಿಸಿದರೆ ಅಸಲಿಯೂ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರ ಜೋಡಿಯೂ ತಿರುಗುತ್ತದೆ. ಮುಖ್ಯ ರಾಸಾಯನಿಕ ಎರಡರಲ್ಲೂ ಉಂಟು. ವ್ಯತ್ಯಾಸವಿರುವುದು ಚಿಲ್ಲರೆ ಪಲ್ಲರೆ ಅಂಶಗಳಲ್ಲಿ; ಮದ್ದು ನಾಟುವುದೂ ಬಿಡುವುದೂ ಅವುಗಳಿಂದಲೇ. ಅದಕ್ಕೇ ತಾನೆ ಮೂಗು ಬೇಕಾದದ್ದು.

ಕೇತಮ್ಮನ ಹಣ್ಣಿಗೆ ಮೂಗು ಎಂಬತ್ತನಾಲ್ಕು ಕೊಟ್ಟಿತು. ಕೆಂಪು. ಹೋದ ವರ್ಷದವರೆಗೆ ಪಾಸಾಗಲು ಎಪ್ಪತ್ತೈದು ಸಾಕಿತ್ತು. ಗುಣಮಟ್ಟ ಹೆಚ್ಚಿಸುತ್ತೇವೆಂದು ತೊಂಬತ್ತೆರಡಕ್ಕೆ ಏರಿಸಿದ ಮೇಲೇ ಇವಳಿಗೆ ಗ್ರಹಚಾರ ಶುರುವಾದದ್ದು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಹೈಮವತಿಗೆ ಅಂಕಿಗಿಂತ ಗೆರೆಯನ್ನೇ ನೋಡುವ ಅಭ್ಯಾಸ. ಗೆರೆ ಶುದ್ಧವಾಗಿತ್ತು. ಕಲಬೆರಕೆ ಮಾಲಿನ ಗೆರೆ ಎರಡು ರಾಗ ಒಟ್ಟಿಗೆ ಹಾಡಿದ ಹಾಗೆ ಗಲಿಬಿಲಿಯಾಗಿರುತ್ತದೆ. ಇದು ಒಂದೇ ಗಿಡದ್ದು, ಒಂದೇ ಜಾತಿಯದು. ಯಾವ ಜಾತಿ ಹಾಗಾದರೆ?

ಮೂಲಗೆರೆ ಎಳೆಯಲು ಬಳಸಿದ ಹಣ್ಣು ಬೀರುವಿನಲ್ಲಿ ಗಾಜಿನ ಜಾಡಿಯಲ್ಲಿತ್ತು. ಅದರ ಜೊತೆಗೆ ಅದೇ ದಿನ ಅದೇ ಬೆಟ್ಟದಿಂದ ತಂದು ಕಾಗದಕ್ಕೆ ಅಂಟಿಸಿಟ್ಟ ಎಲೆ, ಹೂವಿನ ಕೊಂಬೆ. ಎಲೆ, ಹೂವು ನೋಡಿದರೆ ಜಾತಿ ತಪ್ಪುವ ಹಾಗಿಲ್ಲ, ಮೋಸ ಮಾಡುವುದು ಹಣ್ಣೊಂದೇ. ಎರಡರ ಚೀಟಿಯ ಮೇಲೂ ಅವಳದೇ ಅಕ್ಷರ. ಎಲೆಯ ಒಂದು ಚೂರು, ಜಾಡಿಯ ಒಂದು ಬೀಜ, ಕೇತಮ್ಮನ ಒಂದು ಬೀಜ, ಮೂರನ್ನೂ ವಂಶವಾಹಿ ಓದುವ ಯಂತ್ರಕ್ಕೆ ಹಾಕಿದಳು. ಎರಡು ಗಂಟೆ ಬೇಕು. ಅಷ್ಟರಲ್ಲಿ ಕೇತಮ್ಮ ಕಾವಲಿನವನ ಜೊತೆ ರಾಜಿಯಾಗಿ ಅವನ ಫ್ಲಾಸ್ಕಿನ ಟೀ ಕುಡಿಯುತ್ತಿದ್ದಳು.

ಉತ್ತರ ಬಂದಾಗ ಹೈಮವತಿ ಕುರ್ಚಿ ಎಳೆದು ಕೂತಳು. ಎಲೆಯೂ ಕೇತಮ್ಮನ ಹಣ್ಣೂ ಒಂದೇ. ಅದು ಅಸಲಿ ವಾಯುವಿಳಂಗ. ಜಾಡಿಯ ಹಣ್ಣು ಅದಲ್ಲ.

ಇನ್ನೊಮ್ಮೆ ಮಾಡಿದಳು. ಮತ್ತೂ ಅದೇ ಬಂತು. ಹನ್ನೆರಡು ವರ್ಷ, ನೂರಾರು ಕೇಂದ್ರ, ಲಕ್ಷಗಟ್ಟಲೆ ಹಸಿರು ದೀಪ, ಎಲ್ಲವೂ ಆ ಜಾಡಿಯನ್ನು ನಂಬಿಕೊಂಡು ಉರಿದಿದ್ದವು. ಅವಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಮಧ್ಯಾಹ್ನ ಕೇತಮ್ಮನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದಳು. ಮನೆ ಪ್ರಯೋಗಾಲಯದ ಹಿಂದಿನ ವಸತಿಗೃಹದಲ್ಲೇ. ಗಂಡ ಪರಶಿವಮೂರ್ತಿ ನಿವೃತ್ತ ಗಣಿತದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಅಡುಗೆಮನೆಯನ್ನು ಹೆಂಡತಿಯಿಂದ ವಶಪಡಿಸಿಕೊಂಡವರು. ಅವತ್ತು ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುದ್ದೆ ಮುರಿಯುತ್ತ ಹೈಮವತಿ ವಿಷಯಕ್ಕೆ ಬಂದಳು.

"ಹನ್ನೆರಡು ವರ್ಷದ ಹಿಂದೆ ನಾನು ನಿಮ್ಮ ಬೆಟ್ಟಕ್ಕೆ ಬಂದಿದ್ದೆ, ಕೇತಮ್ಮ. ಜಡೇಗೌಡ ಅಂತ ಒಬ್ಬರು ಬಳ್ಳಿ ತೋರಿಸಿದ್ದರು."

"ನಮ್ಮಪ್ಪನೇಯ. ತೀರ್ಕೊಂಡು ಆರೊರ್ಸ ಆಯ್ತು. ನೀನು ಜೀಪಲ್ಲಿ ಬಂದಿದ್ದೆ, ಬಿಳೇ ಟೋಪಿ ಹಾಕೊಂಡಿದ್ದೆ. ನಾನೂ ಸಂಗಡ ಇದ್ದಿನಲ್ಲ."

"ಅವರು ತೋರಿಸಿದ ಬಳ್ಳಿ ಸರಿ. ಕೊಟ್ಟ ಹಣ್ಣು ಮಾತ್ರ ಬೇರೆ."

"ಊ ಮತ್ತೆ, ಬ್ಯಾರೇದೇ." ಕೇತಮ್ಮ ಸಾರು ಸುರಿದುಕೊಂಡಳು. "ನೀನ್ ಬಂದಾಗ ಕರಡಿ ಇನ್ನೂ ಉಂಡಿರ್ನಿಲ್ಲ."

ಗಂಡ ಹೆಂಡತಿ ಇಬ್ಬರೂ ಅವಳ ಮುಖ ನೋಡಿದರು.

"ನಮ್ಮ ಮನೇವ್ರು ಕರಡಿ ಉಣ್ಣಕ್ ಮುಂಚೆ ಆ ಬಳ್ಳಿ ಹಣ್ಣ ಮುಟ್ಟಕಿಲ್ಲ. ಮೊದ್ಲ ಗೊನೆ ಅದ್ರದು. ಎಲೆ ಕಿತ್ಕೊ, ಹೂವ ಕಿತ್ಕೊ, ಅದ್ಕೇನಿಲ್ಲ. ನೀನು ಹಣ್ಣು ಇವತ್ತೇ ಬೇಕು ಅಂತ ಕುಂತ್ಕೊಂಡೆ. ಬಂದೋರ್ನ ಬರಿಗೈಲಿ ಕಳ್ಸಕಾಯ್ತದಾ? ನಮ್ಮಪ್ಪ ಅದ್ರ ತಂಗಿ ಗಿಡದ್ದು ಕಿತ್ಕೊಟ್ಟ. 'ಈಗ ಇದ್ನ ತಕೊ ತಾಯಿ, ಕರಡಿ ಉಂಡ್ಮೇಲೆ ಬಂದು ಅದ್ನ ತಕೊ' ಅಂದ. ನೀನು 'ಆಯ್ತು ಆಯ್ತು' ಅಂದೆ."

ಹೈಮವತಿಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಸಂಜೆಯೊಳಗೆ ಇನ್ನೂ ಎರಡು ಬೆಟ್ಟ ಮುಗಿಸಬೇಕಿತ್ತು. ಮುದುಕ ಏನೋ ಕರಡಿಯ ಕಥೆ ಹೇಳುತ್ತಿದ್ದಾನೆ ಅಂದುಕೊಂಡು ತಲೆಯಾಡಿಸಿದ್ದಳು. ಪುಸ್ತಕದಲ್ಲಿ 'ಹಣ್ಣು: ಅದೇ ಸ್ಥಳ' ಎಂದು ಬರೆದಿದ್ದಳು. ಸ್ಥಳವೇನೋ ಅದೇ. ಹತ್ತು ಹೆಜ್ಜೆ ಆಚೆ.

"ಹಾಗಾದರೆ ಮೂಲದಲ್ಲೇ ತಪ್ಪು," ಎಂದರು ಪರಶಿವಮೂರ್ತಿ. "ತಪ್ಪೆಲ್ಲಿದೆ ಅಂತ ಗೊತ್ತಾಯ್ತಲ್ಲ ಹೈಮಾ, ತಿದ್ದೋದೇನು ಮಹಾ?" ಪಾಪ, ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ತಪ್ಪು ಉತ್ತರದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದರೆ ಮುಗಿಯಿತು ಎಂಬ ಲೋಕದವರು.

"ಖರೀದಿ ಕೇಂದ್ರದಲ್ಲಿ ಮುಂದಿನ ತೂಕ ಯಾವಾಗ?" ಎಂದಳು ಹೈಮವತಿ.

"ಇಪ್ಪತ್ತೆರಡು ದಿವ್ಸಕ್ಕೆ. ಹೋಗ್ದಿದ್ರೂ ಬುಡಕಿಲ್ಲ, ಕಾಡಿಗೆ ಹೋಯ್ತಾ ಇಲ್ಲ ಅಂತ ಚೀಟಿ ಕಿತ್ಕೋತರೆ. ಈ ಸಲ ನನ್ ಚೀಟೀಲಿ ಬರ್ದಿರದು ಇದೊಂದೇ ಹಣ್ಣು."

"ಅಲ್ಲಮ್ಮ, ಎಲ್ಲರ ಹಾಗೆ ನೀವೂ ಆ ತಂಗಿ ಗಿಡದ್ದೇ ತಂದುಬಿಟ್ಟರೆ?" ಎಂದರು ಪರಶಿವಮೂರ್ತಿ, ಮೆತ್ತಗೆ.

ಕೇತಮ್ಮ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಅದ್ರಲ್ಲಿ ಹುಳ ಸಾಯಕಿಲ್ಲ ಸ್ವಾಮಿ. ಯಾರ್ದೋ ಕೂಸಿಗೆ ಔಸ್ದಿ ಅಂತ ಕೊಡ್ತರೆ. ನಾನ್ ತರಕಿಲ್ಲ."

"ತರಬೇಡಿ," ಎಂದಳು ಹೈಮವತಿ. "ಇಪ್ಪತ್ತೆರಡು ದಿನದೊಳಗೆ ನಾನು ಇದನ್ನು ಸರಿಮಾಡಿಸ್ತೀನಿ." ಹೇಳುವಾಗ ಅವಳಿಗೆ ಒಂದು ಚೂರೂ ಅನುಮಾನವಿರಲಿಲ್ಲ. ಯಂತ್ರ ಅವಳದು, ಗೆರೆ ಅವಳದು, ತಪ್ಪೂ ಅವಳದೇ. ಸರಿಮಾಡಲು ಇನ್ಯಾರ ಅಪ್ಪಣೆ ಬೇಕು?

ಬೇಕಿತ್ತು. ಮೂಲಗೆರೆಗಳೆಲ್ಲ ಈಗ ರಾಜ್ಯ ದ್ರವ್ಯ ಪ್ರಾಧಿಕಾರದ ಸುಪರ್ದಿನಲ್ಲಿದ್ದವು. ತಿದ್ದುಪಡಿಗೆ ಒಂದು ಅರ್ಜಿ ಇತ್ತು, ಹದಿನೇಳು ಪುಟದ್ದು. ಒಂದು ಪೂರ್ತಿ ದಿನ ಕೂತು ತುಂಬಿದಳು. ಕೊನೆಯಲ್ಲಿ, ಹೊಸ ಮಾದರಿಯನ್ನು ಮೂಗಿಗೆ ಹಾಕಿ ಶುದ್ಧತೆಯ ಪ್ರಮಾಣಪತ್ರ ಲಗತ್ತಿಸತಕ್ಕದ್ದು ಎಂದಿತ್ತು. ಹಾಕಿದಳು. ಎಂಬತ್ತನಾಲ್ಕು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: 'ಕಲಬೆರಕೆ ಮಾದರಿಯ ಆಧಾರದ ಮೇಲೆ ಮೂಲಗೆರೆ ತಿದ್ದಲು ಅವಕಾಶವಿಲ್ಲ.'

ಹೈಮವತಿ ಪರದೆಯನ್ನು ದಿಟ್ಟಿಸಿ ನೋಡಿದಳು. ಹಳೆಯ ಗೆರೆ ತಪ್ಪು ಎಂದು ಹೇಳಬೇಕಾದರೆ ಹೊಸ ಹಣ್ಣು ಆ ತಪ್ಪು ಗೆರೆಗೇ ಹೊಂದಬೇಕು! ಬೇರೆ ಬಳ್ಳಿಯ ಹಣ್ಣು ತರಿಸಿ ಹಾಕಿದಳು. ಎಂಬತ್ತಮೂರು. ಬೀಜ ತೆಗೆದು ಸಿಪ್ಪೆ ಮಾತ್ರ ಹಾಕಿದಳು. ಎಪ್ಪತ್ತೊಂಬತ್ತು. ಮೂರನೆಯ ಸಲಕ್ಕೆ ಅರ್ಜಿ ತಾನಾಗಿಯೇ ಮುಚ್ಚಿಕೊಂಡಿತು. ಸಹಾಯವಾಣಿಗೆ ಫೋನು ಮಾಡಿದರೆ ಇಂಪಾದ ದನಿಯೊಂದು ಅವಳನ್ನು ಒಂದರಿಂದ ಎರಡಕ್ಕೆ, ಎರಡರಿಂದ ಐದಕ್ಕೆ ಒತ್ತಿಸಿ, ನಲವತ್ತು ನಿಮಿಷ ಕಾಯಿಸಿ, 'ತಮ್ಮ ಅರ್ಜಿ ಮುಕ್ತಾಯವಾಗಿದೆ, ಧನ್ಯವಾದ' ಎಂದಿತು. ಅವಳು ಫೋನಿಗೆ ಬಾಯಿಗೆ ಬಂದಂತೆ ಬೈದಳು. ಅದು ಅದಕ್ಕೂ ಧನ್ಯವಾದ ಹೇಳಿತು.

ಪ್ರಾಧಿಕಾರದ ಸಂಚಾಲಕ ಫಣೀಂದ್ರ ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ಏಳನೆಯ ದಿನ ಪರದೆಯ ಮೇಲೆ ಸಿಕ್ಕಿದ.

"ವಂಶವಾಹಿ ವರದಿ ಕಳಿಸಿದ್ದೀನಲ್ಲಪ್ಪ, ಅದನ್ನು ನೋಡು. ಎಲೆ ಒಂದು ಜಾತಿ, ಜಾಡಿಯ ಹಣ್ಣು ಇನ್ನೊಂದು ಜಾತಿ. ಕಣ್ಣಿಗೆ ರಾಚುವ ಹಾಗಿದೆ."

"ನೋಡಿದೆ ಮೇಡಂ. ಆದರೆ ನಿಯಮದ ಪ್ರಕಾರ ಅದು ಪೂರಕ ದಾಖಲೆ ಅಷ್ಟೇ. ದ್ರವ್ಯಸಾಕ್ಷಿಯದೇ ಅಂತಿಮ."

"ಯಾವ ಮೂರ್ಖ ಬರೆದ ನಿಯಮ ಅದು?"

"ನೀವೇ ಬರೆದದ್ದು ಮೇಡಂ. ವ್ಯಾಪಾರಿಗಳು ಸುಳ್ಳು ವರದಿ ತಂದು ಮೂಲಗೆರೆ ಕೆಡಿಸಬಾರದು ಅಂತ. ಅವತ್ತು ನಾನೇ ಟೈಪ್ ಮಾಡಿದ್ದೆ."



"ತಿದ್ದೋದು ಆಮೇಲಾಗಲಿ," ಎಂದಳು ಹೈಮವತಿ. "ಆ ಹೆಂಗಸಿನ ಮೂರನೇ ಕೆಂಪನ್ನಾದರೂ ತಡೆಹಿಡಿ. ಏಳು ಜನರ ಬದುಕಪ್ಪ ಅದು."

"ಒಬ್ಬರಿಗೆ ತಡೆಹಿಡಿದರೆ ಕೆಂಪು ಬಿದ್ದವರೆಲ್ಲ ಬಂದು ನಿಲ್ಲುತ್ತಾರೆ. ನೀವು ಒಂದು ಕೆಲಸ ಮಾಡಿ. ಮೂಲ ಸಂಗ್ರಹದಲ್ಲಿ ತಪ್ಪಾಗಿದೆ ಅಂತ ನೀವೇ ಲಿಖಿತವಾಗಿ ಕೊಡಿ. ಸಮಿತಿ ಮುಂದೆ ಇಡ್ತೀನಿ."

ಬರೆದಳು. ನಿವೃತ್ತಿಗೆ ಎಂಟು ತಿಂಗಳಿರುವವಳು, ಯಾವ ಕೆಲಸಕ್ಕೆ ರಾಜ್ಯವೆಲ್ಲ ಹೊಗಳಿತ್ತೋ ಆ ಕೆಲಸದ ಬುಡವೇ ತಪ್ಪೆಂದು ತನ್ನ ಕೈಯಾರೆ ಬರೆದುಕೊಟ್ಟಳು. ಕರಡಿಯ ವಿಷಯವನ್ನೂ ಬಿಡದೆ ಬರೆದಳು. ಜಡೇಗೌಡರು ಸ್ಪಷ್ಟವಾಗಿ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಕೂಡ ಬರೆದಳು. ಸಹಿ ಮಾಡುವಾಗ ನಾಚಿಕೆಯಾಯಿತು. ಮಾಡಿದ ಮೇಲೆ ಎಷ್ಟೋ ಹಗುರವಾಯಿತು.

ಉತ್ತರ ಬಂದದ್ದು ಇಪ್ಪತ್ತೊಂದನೆಯ ದಿನ ಬೆಳಿಗ್ಗೆ, ಅವಳು ಕಾಫಿ ಕುಡಿಯುತ್ತಿದ್ದಾಗ. ಪರಶಿವಮೂರ್ತಿ ಗಟ್ಟಿಯಾಗಿ ಓದಿದರು:

"ಸಸ್ಯ ಗುರುತಿಸುವಲ್ಲಿ ತಪ್ಪು ಮಾಡಿರುವುದಾಗಿ ಡಾ. ಹೈಮವತಿಯವರು ತಾವೇ ಒಪ್ಪಿಕೊಂಡಿರುವುದರಿಂದ, ಅವರು ಈಗ ಸಲ್ಲಿಸಿರುವ ಮಾದರಿಯ ಗುರುತನ್ನು ನಂಬಲಾಗುವುದಿಲ್ಲ. ಆದಕಾರಣ ಮೂಲಗೆರೆಯು ಯಥಾಸ್ಥಿತಿಯಲ್ಲಿ ಮುಂದುವರಿಯತಕ್ಕದ್ದು."

ಅವರಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನಗುವನ್ನು ಅಲ್ಲೇ ನುಂಗಿಕೊಂಡು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಹೋದರು.

"ಅಂದರೆ ಹನ್ನೆರಡು ವರ್ಷದ ಹಿಂದಿನ ನನ್ನನ್ನು ನಂಬುತ್ತಾರೆ, ಈಗಿನ ನನ್ನನ್ನು ನಂಬುವುದಿಲ್ಲ," ಎಂದಳು ಹೈಮವತಿ. "ಆಗ ನನಗೆ ಏನೂ ಗೊತ್ತಿರಲಿಲ್ಲ ಕಣ್ರೀ. ಏನೇನೂ ಗೊತ್ತಿರಲಿಲ್ಲ." ಕಾಫಿ ಲೋಟವನ್ನು ಎಷ್ಟು ಜೋರಾಗಿ ಇಟ್ಟಳೆಂದರೆ ಮೇಜಿನ ಮೇಲೆಲ್ಲ ಚೆಲ್ಲಿತು. ಆಮೇಲೆ ಅತ್ತಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವಳು ಕೆಲಸದ ವಿಷಯಕ್ಕೆ ಅತ್ತದ್ದನ್ನು ಪರಶಿವಮೂರ್ತಿ ನೋಡಿದ್ದು ಅದೇ ಮೊದಲು.

ಕೇತಮ್ಮನಿಗೆ ಫೋನು ಮಾಡಿದರೆ ಸಿಗ್ನಲ್ ಸಿಗಲಿಲ್ಲ. ಬೆಟ್ಟದ ಮೇಲೆ ಯಾವಾಗಲೂ ಅಷ್ಟೇ. ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೈಮವತಿ ಹೊರಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದಳು. ಹಣ್ಣನ್ನು ಮೂಗಿಗೆ ಹಾಕಬೇಡಿ, ಮೈ ಹುಷಾರಿಲ್ಲ ಅಂತ ಹೇಳಿ ತೂಕವನ್ನು ಮುಂದಕ್ಕೆ ಹಾಕಿಸಿಕೊಳ್ಳಿ, ನಾನು ಕೋರ್ಟಿಗೆ ಹೋಗುತ್ತೇನೆ, ಒಂದೆರಡು ವರ್ಷದಲ್ಲಿ ಏನಾದರೂ ಆಗುತ್ತದೆ. ಒಂದೆರಡು ವರ್ಷ! ಅಷ್ಟು ದಿನ ಆ ಏಳು ಜನ ಏನು ತಿನ್ನಬೇಕು?

ಖರೀದಿ ಕೇಂದ್ರ ಬೆಟ್ಟದ ಬುಡದಲ್ಲಿ, ತಗಡಿನ ಚಾವಣಿಯ ಒಂದು ಕಟ್ಟಡ. ಹೈಮವತಿ ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಸಾಲು ಅರ್ಧ ಕರಗಿತ್ತು. ಕೇತಮ್ಮ ಮೂಗಿನ ಮುಂದೆಯೇ ನಿಂತಿದ್ದಳು. ಗುಮಾಸ್ತ ಮೂಟೆಗೆ ಕೈಹಾಕಿ ಆಗಲೇ ಒಂದು ಹಿಡಿ ಎತ್ತಿದ್ದ.

"ಬೇಡ, ಕೇತಮ್ಮ! ತಡೀರಿ! ಹಾಕಬೇಡಿ!"

ಸಾಲಿನವರೆಲ್ಲ ತಿರುಗಿ ನೋಡಿದರು. ಕೇತಮ್ಮನೂ ನೋಡಿದಳು. ಹಣ್ಣು ಬಟ್ಟಲಿಗೆ ಬಿತ್ತು. ಮುಚ್ಚಳ ಹಾಕಿಕೊಂಡು ಯಂತ್ರ ಗುರುಗುಟ್ಟತೊಡಗಿತು. ಒಂದೂವರೆ ನಿಮಿಷ ಇಷ್ಟು ಉದ್ದವಿರುತ್ತದೆಂದು ಅದನ್ನು ಮಾಡಿದವಳಿಗೇ ತಿಳಿದಿರಲಿಲ್ಲ.

ಹಸಿರು.

ತೊಂಬತ್ತೇಳು.

ಹೈಮವತಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ತಿದ್ದಿದ್ದಾರೆ! ಕೊನೆಗಳಿಗೆಯಲ್ಲಿ ಫಣೀಂದ್ರ ಏನೋ ಮಾಡಿದ್ದಾನೆ, ಹುಡುಗನಿಗೆ ನ್ಯಾಯ ಅನ್ನಿಸಿದೆ. ಸಾಲು ಸೀಳಿಕೊಂಡು ಹೋಗಿ ಕೇತಮ್ಮನ ಎರಡೂ ಕೈ ಹಿಡಿದುಕೊಂಡಳು. "ಆಯ್ತು ಕೇತಮ್ಮ, ಆಯ್ತು! ನೋಡಿ, ಒಪ್ಪಿಕೊಂಡಿತು!"

ಕೇತಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಮುಖ ಮಾತ್ರ ಆ ಕಡೆಗೆ ತಿರುಗಿಸಿದಳು.

ಆಗ ಹೈಮವತಿ ಮೂಟೆಯೊಳಗೆ ನೋಡಿದಳು. ಮೂರು ವಾರದಿಂದ ಹಗಲೆಲ್ಲ ಆ ಎರಡು ಹಣ್ಣುಗಳನ್ನೇ ನೋಡಿ ನೋಡಿ ಅವಳಿಗೆ ಈಗ ಯಂತ್ರ ಬೇಕಿರಲಿಲ್ಲ. ಮೂಟೆಯ ತುಂಬ ನುಣುಪಾದ, ಸ್ವಲ್ಪ ಹೆಚ್ಚು ಕೆಂಪಾದ ಹಣ್ಣು. ತಂಗಿ ಗಿಡದ್ದು.

ಗುಮಾಸ್ತ ಖುಷಿಯಾಗಿದ್ದ. "ನೋಡು ಕೇತಮ್ಮ, ಈಗ ದಾರಿಗೆ ಬಂದೆ. ಮೊದಲಿಂದ ಹಿಂಗೇ ಅಸಲಿ ತಂದಿದ್ರೆ ಎರಡು ಕೆಂಪು ಬೀಳ್ತಿತ್ತಾ?" ಎಂದು ಚೀಟಿಯ ಮೇಲೆ ಮುದ್ರೆ ಒತ್ತಿ ಕೊಟ್ಟ. ಅದರ ತಳದಲ್ಲಿ ಸಣ್ಣಕ್ಷರದಲ್ಲಿ, ಮೂಲಗೆರೆ ದೃಢೀಕರಿಸಿದವರು ಎಂದು ಹೈಮವತಿಯ ಹೆಸರಿತ್ತು.

ಇಬ್ಬರೂ ಹೊರಗೆ ಬಂದು ಹುಣಸೆಮರದ ನೆರಳಿನಲ್ಲಿ ನಿಂತರು. ಬೈಯಲು ಹೈಮವತಿಗೆ ಯಾವ ಹಕ್ಕೂ ಇರಲಿಲ್ಲ. ಸಮಾಧಾನ ಹೇಳುವ ಸ್ಥಿತಿಯಲ್ಲೂ ಅವಳಿರಲಿಲ್ಲ.

"ಇಪ್ಪತ್ತು ದಿವ್ಸ ಕಾದೆ ಕನವ್ವ," ಎಂದಳು ಕೇತಮ್ಮ. "ನೀನು ಫೋನ್ ಮಾಡ್ತೀಯ ಅಂತ ದಿನಾ ಸಿಗ್ನಲ್ ಸಿಗ ಬಂಡೆ ಹತ್ತಿ ಕುಂತಿದ್ದೆ. ಮಾಡ್ನಿಲ್ಲ."

"ಏನಾದರೂ ಒಂದು ಆಗಲಿ, ಆಮೇಲೆ ಮಾಡೋಣ ಅಂತ... ನಾನು ಎಲ್ಲ ಪ್ರಯತ್ನ ಮಾಡಿದೆ, ಕೇತಮ್ಮ. ದೇವರಾಣೆಗೂ ಮಾಡಿದೆ."

"ಮಾಡಿರ್ತೀಯ. ನಿನ್ನ ಬೈಯ್ಯಕಿಲ್ಲ ನಾನು. ಮನೇಲಿ ಏಳು ಹೊಟ್ಟೆ ಅವೆ."

"ಔಷಧಕ್ಕೆ ಇದೇ ಹೋಗುತ್ತೆ. ಮಕ್ಕಳಿಗೆ ಇದನ್ನೇ ಕೊಡ್ತಾರೆ."

"ಗೊತ್ತು." ಕೇತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಮ್ಮ ಮನೆ ಕೂಸುಗಳ್ಗೆ ಬಳ್ಳಿ ಹಣ್ಣೇ ಕೊಡದು, ಅದ್ನ ಬುಡಕಿಲ್ಲ. ನಿಮ್ಮ ಕೂಸುಗಳ್ಗೆ ನೀವೇನ್ ಕೇಳ್ತೀರೋ ಅದ್ನ ತಂದ್ಕೊಡ್ತೀವಿ."

ಖಾಲಿ ಚೀಲವನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಅವಳು ಬೆಟ್ಟದ ದಾರಿ ಹಿಡಿದಳು. ಒಳಗೆ ಗುಮಾಸ್ತ ಮುಂದಿನವರ ಹೆಸರು ಕೂಗಿದ. ಮೂಗು ಗುರುಗುಟ್ಟಿತು, ಹಸಿರು ದೀಪ ಹತ್ತಿತು. ಅದರ ಹಿಂದೆ ಇನ್ನೊಂದು ಹತ್ತಿತು, ಅದರ ಹಿಂದೆ ಮತ್ತೊಂದು.